ಮದುವೆಯಿಲ್ಲದ ಹುಡುಗಿಗೆ ಹೇಳಿದ ಮಾತು

ನಮ್ಮ ಊರಿನಲ್ಲಿ ತೆಗೆಯುತ್ತಿದ್ದ ಟೀವಿ ಧಾರಾವಾಹಿ ನಿಂತುಹೋಯಿತು ಎಂದು ನಮಗೆ ಯಾರೂ ಬಂದು ಹೇಳಲಿಲ್ಲ. ಮೊದಲು ಹೋದದ್ದು ಶೌಚಾಲಯದ ಡಬ್ಬಿಗಳು. ಪಾಪಾಸುಕಳ್ಳಿ ತೋಟದಲ್ಲಿ ಬಗ್ಗಿ, ಅಡುಗೆಗೆಂದು ಮಾರುವ ಎಳೆ ಎಲೆ ಕೊಯ್ಯುತ್ತಿದ್ದ ನಾನು ತಲೆಯೆತ್ತಿದಾಗ ಆ ನೀಲಿ ಡಬ್ಬಿಗಳು ಲಾರಿಯ ಮೇಲೆ ಅಲುಗಾಡುತ್ತಾ ಇಳಿಜಾರಿನಲ್ಲಿ ಹೋಗುತ್ತಿದ್ದವು. ಪಕ್ಕದ ಸಾಲಿನಲ್ಲಿದ್ದ ನನ್ನ ಗಂಡ ಎಲಿಸೆಯೊ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತ.

"ಮುಗೀತು ಕಣೇ. ಕಕ್ಕಸೇ ಹೋದ ಮೇಲೆ ಸಾಮ್ರಾಜ್ಯ ಎಲ್ಲಿ ಉಳಿಯುತ್ತೆ" ಎಂದ.

ಅವನು ಹೇಳಿದ್ದು ನಿಜವಾಯಿತು. ಆ ವಾರವೇ ಊರ ಹೊರಗಿನ ಬಯಲಿನಲ್ಲಿ ಪ್ಲೈವುಡ್ಡಿನಿಂದ ಕಟ್ಟಿದ್ದ, ನಮ್ಮ ಹಳೆಯ ರಾಜ ಮೊಕ್ತೆಸುಮನ ಅರಮನೆಯನ್ನು ಬಿಚ್ಚಿ, ಹಲಗೆಗಳನ್ನು ಅಳತೆಯ ಪ್ರಕಾರ ಜೋಡಿಸಿ ಕಟ್ಟಿ ಒಯ್ದರು. ಥರ್ಮಕೋಲಿನ ದೇವರುಗಳನ್ನು ಮಾತ್ರ ಬಿಟ್ಟುಹೋದರು. ಅವು ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಚೂರುಚೂರಾಗಿ ಎಲ್ಲರ ತೋಟಗಳಿಗೂ ಹಾರಿ ಬಂದವು. ಕಳ್ಳಿ ಮುಳ್ಳಿಗೆ ಸಿಕ್ಕ ಆ ಬಿಳಿ ಚೂರುಗಳನ್ನು ಇವತ್ತಿಗೂ ಆರಿಸುತ್ತಲೇ ಇದ್ದೇವೆ.

ಸ್ಪೇನಿನವರು ಹಡಗಿನಲ್ಲಿ ಬಂದು, ಕುದುರೆಯೇರಿ ನಮ್ಮ ಪಟ್ಟಣವನ್ನು ಗೆದ್ದು ಕೆಡವಿದ ಕಥೆ ಅದು. ಶಾಲೆಯಲ್ಲಿ ಉರು ಹೊಡೆದ ಕಥೆಯೇ. ಆದರೂ ಊರಿಗೆ ಊರೇ ಅದರ ಹಿಂದೆ ಹೋಗಿತ್ತು. ಗಂಡಸರೆಲ್ಲ ಯೋಧರಾದರು. ಎಲಿಸೆಯೊ ಸೇತುವೆಯ ಮೇಲೆ ಸತ್ತ, ಸಂತೆಯಲ್ಲಿ ಸತ್ತ, ಕೊನೆಗೆ ಸಿಡುಬು ಬಂದು ಸತ್ತ. ಸಿಡುಬಿನ ಸಾವು ಬಹಳ ಸಹಜವಾಗಿ ಬಂತೆಂದು ನಿರ್ದೇಶಕ ಹೊಗಳಿದಾಗ, ಮಲಗಿಕೊಂಡಿರುವ ಪಾತ್ರಕ್ಕೆ ಇವನಿಗೆ ತಾಲೀಮು ಯಾಕೆ ಬೇಕು ಎಂದು ನನ್ನ ತಂಗಿ ಎಲ್ಲರೆದುರು ಕೇಳಿದ್ದಳು.

ನನಗೆ ಕೊಟ್ಟ ಕೆಲಸ ಮಾತು ಕಲಿಸುವುದು. ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಆಡುವುದು ನಾವಾಟ್ಲ್, ಮೊಕ್ತೆಸುಮನ ಕಾಲದಿಂದ ಬಂದ ಮಾತು. ಸ್ಪೇನಿನವರಿಗೂ ನಮ್ಮವರಿಗೂ ನಡುವೆ ನಿಂತು ಮಾತು ದಾಟಿಸಿದ ಹೆಂಗಸಿನ ಪಾತ್ರ ಮಾಡುತ್ತಿದ್ದ ನಟಿಗೆ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಸಾಲು ಹೇಳಿಕೊಡಬೇಕಿತ್ತು. ಒಳ್ಳೆಯ ಹುಡುಗಿ. ಆದರೆ ಅವಳ ನಾಲಿಗೆಗೆ ನಮ್ಮ ಮಾತು ಹತ್ತಲೇ ಇಲ್ಲ. ಸಂಜೆ ಮನೆಗೆ ಬಂದರೆ ನನ್ನ ಗಂಟಲು ಒಣಗಿ, ಮನೆಯವರೊಡನೆ ಯಾವ ಭಾಷೆಯಲ್ಲೂ ಮಾತಾಡುವ ಮನಸ್ಸಿರುತ್ತಿರಲಿಲ್ಲ.

ಆ ದಿನಗಳಲ್ಲೇ ಅವರಿಗೆ ನನ್ನ ಅವ್ವನ ವಿಷಯ ತಿಳಿಯಿತು. ಅವ್ವನ ಹೆಸರು ತೋಮಾಸಾ. ನಮ್ಮ ಊರಿನಲ್ಲಿ ಮದುವೆಯ ಬೆಳಿಗ್ಗೆ, ಚರ್ಚಿಗೆ ಹೊರಡುವ ಮೊದಲು, ಮದುಮಗಳು ಹೊಸ ಚಾಪೆಯ ಮೇಲೆ ಮೊಣಕಾಲೂರಿ ಕೂರುತ್ತಾಳೆ. ಹಿರಿಯಳೊಬ್ಬಳು ಧೂಪ ಹಿಡಿದು ಅವಳಿಗೆ ಬುದ್ಧಿಮಾತು ಹೇಳುತ್ತಾಳೆ. ಅದು ಚಿಕ್ಕದಲ್ಲ. ಹಾಡಿನ ಹಾಗೆ ಏರುತ್ತದೆ, ಇಳಿಯುತ್ತದೆ, ನಿಂತವರ ಕಾಲು ಸೋಲುತ್ತದೆ. ಅದನ್ನು ಹೇಳುವವಳು ಊರಿಗೆ ಒಬ್ಬಳೇ. ಅವಳು ಇರುವ ತನಕ ಬೇರೆಯವರು ಅದರ ಅರ್ಧ ಸಾಲನ್ನೂ ಬಾಯಿಬಿಟ್ಟು ಆಡುವಂತಿಲ್ಲ. ಅಭ್ಯಾಸ ಮಾಡುವಂತಿಲ್ಲ, ಯಾರಿಗೂ ಕಲಿಸುವಂತಿಲ್ಲ. ಎದುರಿಗೆ ಮದುಮಗಳು ಮೊಣಕಾಲೂರಿದ್ದರೆ ಮಾತ್ರ ಆ ಮಾತು ಹೊರಗೆ ಬರಬೇಕು. ಅವಳು ತೀರಿಕೊಂಡರೆ, ಇಲ್ಲವೇ ಕೈಲಾಗದಾದರೆ, ಅವಳ ಹಿರಿಮಗಳಿಗೆ ಆ ಕೆಲಸ ಬರುತ್ತದೆ. ಕೇಳಿ ಕೇಳಿ ಅಷ್ಟು ಹೊತ್ತಿಗೆ ಅವಳಿಗೆ ಬಂದಿರುತ್ತದೆ ಎನ್ನುವುದು ಎಲ್ಲರ ನಂಬಿಕೆ.

ತೋಮಾಸಾಳ ಹಿರಿಮಗಳು ನಾನು. ನನಗೆ ಅದು ಬರುವುದಿಲ್ಲ.

ಬರುವುದಾದರೂ ಹೇಗೆ? ಪ್ರತಿ ಮದುವೆಯಲ್ಲೂ ಅವ್ವ ಚಾಪೆಯ ಮುಂದೆ ನಿಂತಿದ್ದರೆ ನಾನು ಅಡುಗೆಮನೆಯಲ್ಲಿ ಜೋಳದ ಗಂಜಿ ಕದಡುತ್ತಿದ್ದೆ. ಬಾಗಿಲಿನಿಂದ ಒಂದು ತುಂಡು, ಬಟ್ಟಲುಗಳನ್ನು ಹೊತ್ತು ಹಾದುಹೋಗುವಾಗ ಇನ್ನೊಂದು ತುಂಡು. ನನ್ನದೇ ಮದುವೆಯ ದಿನ ಬ್ಯಾಂಡಿನವರು ಬೇಗ ಬಂದು ಅಂಗಳದಲ್ಲೇ ಊದಲು ಶುರುಮಾಡಿದ್ದರು. ಅವ್ವನ ತುಟಿಗಳು ಅಲ್ಲಾಡಿದ್ದು ಕಂಡಿತು, ಕಿವಿಗೆ ಬಿದ್ದದ್ದು ತುತ್ತೂರಿ.

ಧಾರಾವಾಹಿಯಲ್ಲಿ ರಾಜಕುಮಾರಿಯೊಬ್ಬಳ ಮದುವೆಯ ದೃಶ್ಯವಿತ್ತು. ನಿಜವಾದ ಮುದುಕಿ, ನಿಜವಾದ ಹಳೆಯ ಮಾತು ಬೇಕೆಂದು ನಿರ್ದೇಶಕ ನಮ್ಮ ಮನೆಗೇ ಬಂದು ಕೂತ. ಅವ್ವ ಒಪ್ಪುವುದಿಲ್ಲವೆಂದುಕೊಂಡಿದ್ದೆ. ಅವಳು ಹೆಚ್ಚು ಯೋಚಿಸದೆ ಆಗಲಿ ಎಂದಳು. ಆ ದಿನ ನಾನು ಬೇರೆ ಡೇರೆಯಲ್ಲಿ ನಟಿಗೆ ಸಾಲು ಹೇಳಿಕೊಡುತ್ತಿದ್ದೆ. ಮದುಮಗಳಾಗಿ ಕೂತವಳಿಗೆ ಮಾತಿರಲಿಲ್ಲವಾದ್ದರಿಂದ ಅಲ್ಲಿ ನನ್ನ ಅಗತ್ಯ ಬೀಳಲಿಲ್ಲ. ಸಂಜೆ ಯಾರನ್ನು ಕೇಳಿದರೂ ಒಂದೇ ಮಾತು. ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರಂತೆ, ನಿರ್ದೇಶಕ ಅವ್ವನ ಎರಡೂ ಕೈಗಳಿಗೆ ಮುತ್ತಿಟ್ಟನಂತೆ. ಅಲ್ಲಿದ್ದವರೆಲ್ಲ ಪಟ್ಟಣದವರು, ನಮ್ಮ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಅದನ್ನು ಸ್ಪಾನಿಷಿಗೆ ಬರೆದುಕೊಡಲು ನನ್ನನ್ನು ಆಮೇಲೆ ಕರೆಯುತ್ತೇವೆ ಎಂದರು. ಆ ಆಮೇಲೆ ಬರಲೇ ಇಲ್ಲ.

ಏನು ಹೇಳಿದೆ ಅವ್ವಾ ಎಂದು ಕೇಳಿದ್ದಕ್ಕೆ, ಹೇಳಬೇಕಾದ್ದನ್ನು ಹೇಳಿದೆ, ಉಪ್ಪು ಎಲ್ಲಿಟ್ಟಿದ್ದೀಯ ಎಂದಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿಯಾಗಿ ಹೋಯಿತು. ಕಣ್ಣಿನಲ್ಲಿ ಎಲ್ಲವೂ ಇದೆ. ಯಾರು ಬಂದರು, ಯಾರು ಬರಲಿಲ್ಲ, ಗಂಜಿಗೆ ಸಕ್ಕರೆ ಕಡಿಮೆಯಾಯಿತು, ಎಲ್ಲವನ್ನೂ ಆ ಕಣ್ಣು ಹೇಳುತ್ತದೆ. ನಾನು ದಿನಕ್ಕೆ ಹಲವು ಸಲ ಅವಳನ್ನು ಎತ್ತಿ ಕೂರಿಸಿ, ತಿನ್ನಿಸಿ, ಒರೆಸಿ, ನಡುವೆ ತೋಟಕ್ಕೆ ಓಡಿ, ಕಳ್ಳಿಯ ಮುಳ್ಳು ಹೆರೆದು ಸಂತೆಗೆ ಕಳಿಸಿ, ಮತ್ತೆ ಅವಳ ಹತ್ತಿರ ಬಂದು ಕೂರುತ್ತೇನೆ. ಕೂತ ಕೂಡಲೇ ಒಲೆಯ ಮೇಲೆ ಏನಾದರೂ ಉಕ್ಕುತ್ತದೆ.

ಇಂಥದ್ದರಲ್ಲಿ ಮಗಳು ಅರಾಸೆಲಿಯ ಮದುವೆ ಗೊತ್ತಾಯಿತು. ಅವಳು ಸೊಚಿಮಿಲ್ಕೊದಲ್ಲಿ ಹಲ್ಲಿನ ಡಾಕ್ಟರರ ಹತ್ತಿರ ಕೆಲಸ ಮಾಡುತ್ತಾಳೆ. ಹುಡುಗ ಉಲೀಸೆಸ್ ಪಟ್ಟಣದವನು, ಪಾಪದವನು, ನಮ್ಮ ಬೆಟ್ಟದ ಗಾಳಿಗೆ ಕಿವಿ ಮುಚ್ಚಿಕೊಂಡೇ ಓಡಾಡುತ್ತಾನೆ. ಈಸ್ಟರ್ ಕಳೆದ ಮೇಲೆ ಮದುವೆ. ನಮ್ಮ ಮಾತು ಅರಾಸೆಲಿಗೆ ಬಾ, ಹೋಗು, ಸುಮ್ಮನಿರು ಎನ್ನುವಷ್ಟೇ ಗೊತ್ತು. ಆದರೆ ಅಜ್ಜಿಯ ಬುದ್ಧಿಮಾತು ಇಲ್ಲದೆ ತಾನು ಮನೆಯಿಂದ ಹೊರಡುವುದಿಲ್ಲವೆಂದು ಹಟ ಹಿಡಿದಳು. ಗಂಡಿನ ಕಡೆಯವರಿಗೆಲ್ಲ ಹೇಳಿಟ್ಟಿದ್ದಳು.

"ಅಜ್ಜಿ ಟೀವಿಯವರಿಗೆ ಹೇಳಿದಾಳಲ್ಲಮ್ಮ. ಅದನ್ನೇ ತಗೊಂಬಾ, ಸ್ಪೀಕರಲ್ಲಿ ಹಾಕೋಣ."

"ಅದು ಅವರ ಹತ್ರ ಬೀಗ ಹಾಕಿ ಇರುತ್ತೆ ಕಣೆ."

"ಹಾಗಾದ್ರೆ ನೀನು ಹೇಳು. ನಿನಗೆ ತಾನೆ ಬರ್ಬೇಕಾಗಿರೋದು."

ಮೂಲೆಯ ಕುರ್ಚಿಯಿಂದ ಅವ್ವ ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಸ್ಪೀಕರಿನಲ್ಲಿ ಹಾಕುವುದು ಮಗಳ ಆಸೆ. ನನ್ನ ಆಸೆ ಬೇರೆ. ಆ ಮಾತುಗಳನ್ನು ಒಮ್ಮೆ ಪೂರ್ತಿಯಾಗಿ, ಮೊದಲಿನಿಂದ ಕೊನೆಯ ತನಕ, ಕೈಯಲ್ಲಿ ಬಟ್ಟಲಿಲ್ಲದೆ ಕೇಳಬೇಕಾಗಿತ್ತು. ಅವ್ವನ ನಂತರ ಆ ಚಾಪೆಯ ಮುಂದೆ ನಿಲ್ಲಬೇಕಾದವಳು ನಾನು. ಎಲ್ಲೂ ಉಳಿಯದ ಆ ಮಾತು ಆ ಒಂದು ಕಡೆ ಮಾತ್ರ ಉಳಿದಿತ್ತು. ಅದೂ ಸಿಗದಿದ್ದರೆ ನನ್ನ ಮಗಳ ಮದುವೆಯ ಬೆಳಿಗ್ಗೆ, ಊರಿನ ಮುದುಕಿಯರೆಲ್ಲ ಬಾಯಿ ನೋಡುತ್ತಿರುವಾಗ, ಧೂಪ ಹಿಡಿದುಕೊಂಡು ನಾನು ಮೂಕಿಯ ಹಾಗೆ ನಿಲ್ಲುತ್ತಿದ್ದೆ.

ಅವ್ವನನ್ನು ತಂಗಿಗೆ ಒಪ್ಪಿಸಿ ಪಟ್ಟಣಕ್ಕೆ ಹೊರಟೆ. ಮಿನಿಬಸ್ಸು, ಆಮೇಲೆ ಸಣ್ಣ ರೈಲು, ಆಮೇಲೆ ಮೆಟ್ರೊ. ದಾರಿಯುದ್ದಕ್ಕೂ ನಿದ್ದೆ ಮಾಡಿದೆ. ಎಷ್ಟೋ ತಿಂಗಳಾಗಿತ್ತು ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯದೆ.

ಕಂಪನಿಯ ಕಚೇರಿಯ ಬಾಗಿಲಿನಲ್ಲಿ ಕಾವಲಿನವನು, ಎಲ್ಲ ಮುಚ್ಚಿದೆ, ಯಾರೂ ಇಲ್ಲ, ಇದ್ದವರೂ ಇಲ್ಲದವರ ಹಾಗೇ ಎಂದ. ನಾನು ಮೆಟ್ಟಿಲ ಮೇಲೆ ಕೂತು, ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿದೆ. ಅವನಿಗೂ ಒಂದು ಕೊಟ್ಟೆ. ತಿಂದು ಮುಗಿಸಿ, ಮೇಲೆ ಒಬ್ಬರು ಸಾಮಾನು ಕಟ್ಟುತ್ತಿದ್ದಾರೆ, ಹೋಗಿ ನೋಡಿ ಎಂದ.

ಮೇಲಿದ್ದವಳು ಸೊಕೊರ್ರೊ. ಚಿತ್ರೀಕರಿಸಿದ್ದನ್ನೆಲ್ಲ ಕತ್ತರಿಸಿ ಜೋಡಿಸುವ ಕೆಲಸ ಅವಳದು. ನನ್ನದೇ ವಯಸ್ಸು. ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಎರಡು ಸಲ ಊಟ ಮಾಡಿದ್ದಳು. ಈಗ ಖಾಲಿ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಚಪ್ಪಲಿ ಬಿಟ್ಟು, ಊದಿದ ಕಾಲುಗಳನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದಳು. ಗೋಡೆಯ ಮೇಲೆ ಗರಿಯ ಕಿರೀಟ ತೊಟ್ಟ ರಾಜನ ಚಿತ್ರ ಅರ್ಧ ಸುಲಿದು ಜೋತುಬಿದ್ದಿತ್ತು.

"ಬನ್ನಿ ಟೀಚರ್" ಎಂದಳು, ಏಳದೆಯೇ. ಅಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. "ನೀವೂ ಏನನ್ನಾದ್ರೂ ಹುಡುಕ್ಕೊಂಡು ಬಂದ್ರಾ? ನಿನ್ನೆ ಒಬ್ಬ ಕುದುರೆ ಹುಡುಕ್ಕೊಂಡು ಬಂದಿದ್ದ."

ನಾನು ಬಂದ ಕಾರಣ ಹೇಳಿದೆ. ಅವಳು ಪಕ್ಕದ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು. ಆಮೇಲೆ ಬೇಸರದ ದನಿಯಲ್ಲಿ ಎಲ್ಲ ವಿವರಿಸಿದಳು. ಹಣ ಹಾಕಿದ್ದ ಹೊರದೇಶದ ದೊಡ್ಡವರಿಗೆ ಈ ಕಥೆ ಸಾಕೆನಿಸಿದೆ. ಶೂಟ್ ಮಾಡಿದ್ದಷ್ಟೂ ಅವರ ಆಸ್ತಿ. ಅದನ್ನು ಪ್ರಸಾರವೂ ಮಾಡುವುದಿಲ್ಲ, ಬೇರೆಯವರಿಗೂ ಕೊಡುವುದಿಲ್ಲ, ನಾಳೆ ನಾಡಿದ್ದರಲ್ಲಿ ಪೆಟ್ಟಿಗೆಗಳು ಹೋಗುತ್ತವೆ. ಒಂದು ವರ್ಷಕ್ಕೂ ಮಿಕ್ಕಿ ಅವಳು ಈ ಕೋಣೆಯಲ್ಲಿ ಕೂತು ಯುದ್ಧಗಳನ್ನು ಜೋಡಿಸಿದ್ದಳು. ಬೆನ್ನು ಹೋಯಿತು, ಕಣ್ಣು ಹೋಯಿತು, ಆ ನಡುವೆ ಗಂಡನೂ ಹೋದ. ಅವನು ಹೋದದ್ದು ಮಾತ್ರ ತನಗೆ ಕೆಲವು ದಿನ ಗೊತ್ತೇ ಆಗಲಿಲ್ಲ ಎಂದು ನಕ್ಕಳು.

"ಕೊಡೋಕೆ ಆಗಲ್ಲ ಟೀಚರ್. ಆದ್ರೆ ಕೂತು ನೋಡಿ. ನಿಮ್ಮ ಕಿವಿಗೆ ಯಾರು ಬೀಗ ಹಾಕ್ತಾರೆ? ನನಗೂ ಒಂದು ಉಪಕಾರ ಮಾಡಿ. ಅಜ್ಜಿ ಏನು ಹೇಳ್ತಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಎಷ್ಟು ಸಲ ಅತ್ತಿದೀನೋ."

ಪರದೆಯ ಮೇಲೆ ಅವ್ವ ಬಂದಳು. ಆರೋಗ್ಯವಾಗಿದ್ದ ಅವ್ವ. ಬಿಳಿ ಹತ್ತಿಯ ರಾಣಿವಾಸದ ಉಡುಗೆ, ತಲೆಯಲ್ಲಿ ಕೆಂಪು ದಾರದ ಜಡೆ. ಉಡುಗೆಯ ಕೆಳಗಿನಿಂದ ಅವಳ ಚೌಕಳಿ ಏಪ್ರನ್ನಿನ ಅಂಚು ಕಾಣುತ್ತಿತ್ತು. ಅದನ್ನು ಬಿಚ್ಚಲು ಅವಳು ಒಪ್ಪಿರಲಿಲ್ಲವಂತೆ. ಎದುರಿಗೆ ಚಾಪೆಯ ಮೇಲೆ ತೆಳ್ಳಗಿನ ಹುಡುಗಿ ತಲೆತಗ್ಗಿಸಿ ಮೊಣಕಾಲೂರಿದ್ದಳು. ಧೂಪದ ಹೊಗೆ ಎದ್ದಿತು. ಅವ್ವ ಕಣ್ಣು ಮುಚ್ಚಿ ಬಾಯಿ ತೆರೆದಳು. ಅದೇ ದನಿ. ಮದುವೆಮನೆಗಳ ಅಡುಗೆಮನೆಯಿಂದ ನಾನು ಕೇಳುತ್ತಿದ್ದ ಅದೇ ಏರು, ಅದೇ ಇಳಿತ.

"ಕೇಳು ನನ್ನ ಹವಳವೇ, ಕೇಳು ನನ್ನ ಗರಿಯೇ" ಎಂದು ಶುರುಮಾಡಿದಳು. ಅಷ್ಟು ನನಗೂ ಗೊತ್ತಿತ್ತು.

"ಕೇಳು, ಜೋಳವನ್ನು ಸಂಜೆಯೇ ಸುಣ್ಣದ ನೀರಿನಲ್ಲಿ ಕುದಿಸಿಡಬೇಕು. ಸುಣ್ಣ ಹೆಚ್ಚಾದರೆ ಕಹಿ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಕೈಗೆ ಜಾರುವ ತನಕ ಬೆಂದರೆ ಸಾಕು, ಹೆಚ್ಚು ಬೇಯಿಸಿದರೆ ಹಿಟ್ಟು ಅಂಟುತ್ತದೆ. ತಮಾಲೆ ಕಡುಬು ಬೇಯುವಾಗ ಮನೆಯಲ್ಲಿ ಯಾರೂ ಜಗಳವಾಡಬಾರದು, ಆಡಿದರೆ ಹಸಿಯಾಗಿಯೇ ಉಳಿಯುತ್ತದೆ. ಸಾರಿನ ಮಡಕೆಯನ್ನು ಬೂದಿ ಹಾಕಿ ತಿಕ್ಕು, ಬಿಸಿಯಿರುವಾಗ ತಣ್ಣೀರು ಹೊಯ್ಯಬೇಡ."

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದುಕೊಂಡೆ. ಅವ್ವ ಮುಂದುವರಿಸುತ್ತಿದ್ದಳು. ಟರ್ಕಿ ಕೋಳಿಯ ಗರಿ ಕೀಳುವುದು ಹೇಗೆ, ಮೆಣಸಿನಕಾಯಿ ಹುರಿಯುವಾಗ ಯಾವ ಕಿಟಕಿ ತೆರೆಯಬೇಕು. ನಡುನಡುವೆ ಧೂಪವನ್ನು ನಾಲ್ಕು ದಿಕ್ಕಿಗೂ ತೋರಿಸುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, ಅತ್ಯಂತ ದುಃಖದ ಜಾಗ ಬಂದ ಹಾಗೆ, ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು.

"ನೀನು ಯಾರ ಮಗಳೋ ತಾಯಿ, ಒಳ್ಳೆಯವಳ ಹಾಗೆ ಕಾಣುತ್ತೀ. ಆದರೆ ಇವತ್ತು ನಿನ್ನ ಮದುವೆಯಲ್ಲ. ಮದುವೆಯಿಲ್ಲದವಳಿಗೆ ಆ ಮಾತು ಕೊಟ್ಟರೆ ನಿಜವಾಗಿ ಮದುವೆಯಾಗುವವಳಿಗೆ ನಾನು ಏನು ಕೊಡಲಿ? ಬೇಜಾರು ಮಾಡಿಕೊಳ್ಳಬೇಡ. ಈ ಗಂಡಸರು ಪಾಪ ದೂರದಿಂದ ಬಂದಿದ್ದಾರೆ, ಅವರಿಗೆ ಇಷ್ಟು ಸಾಕು. ನಿನ್ನ ಮೊಣಕಾಲು ನೋಯುತ್ತಿರಬೇಕು, ಇಗೋ ಮುಗಿಸಿದೆ."

ಸೊಕೊರ್ರೊ ನನ್ನ ತೋಳು ಹಿಡಿದು, ಇಲ್ಲೇ, ಇಲ್ಲೇ ಟೀಚರ್ ನಾನು ಅಳೋದು ಎಂದಳು. ಅವಳ ಕಣ್ಣುಗಳು ಆಗಲೇ ತುಂಬಿದ್ದವು.

ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸುಣ್ಣ, ಮಡಕೆ, ಟರ್ಕಿ ಕೋಳಿ, ಎಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ಪೆಟ್ಟಿಗೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಿನ ನೀರು ಒರೆಸುತ್ತಾ ನಕ್ಕಳು.

"ನಾನು ಅದಕ್ಕೆ ಪಿಟೀಲು ಹಾಕಿದ್ದೆ ಟೀಚರ್. ಮಡಕೆ ತಿಕ್ಕೋದಕ್ಕೆ ಪಿಟೀಲು."

ಅವಳ ನಗು ನೋಡಿ ನನಗೂ ನಗು ಬಂತು. ಬಂದ ನಗು ಅರ್ಧಕ್ಕೆ ನಿಂತಿತು. ಅವ್ವ ಒಂದೇ ಸಲ ಹೇಳಿದ್ದಲ್ಲ, ಮತ್ತೊಮ್ಮೆ ಹೇಳಿಸಿದ್ದರು. ಪರದೆಯ ಮೇಲೆ ಎರಡನೆಯ ಸಲದ ಮಾತು ಶುರುವಾಗಿತ್ತು. ಈ ಸಲವಾದರೂ ನಿಜವಾದದ್ದು ಬರಬಹುದೆಂದು ಕಿವಿಗೊಟ್ಟೆ. ಅವ್ವನಿಗೆ ಆಯಾಸವಾಗಿತ್ತು, ಅಡುಗೆಯ ವಿಷಯ ಮುಗಿದಿತ್ತೋ ಏನೋ.

"ಕೇಳು ನನ್ನ ಹವಳವೇ. ನನಗೂ ಒಬ್ಬ ಹಿರಿಮಗಳಿದ್ದಾಳೆ, ಬ್ರಿಹಿದಾ. ಆಚೆ ಡೇರೆಯಲ್ಲಿ ಗಿಣಿಗಳಿಗೆ ಮಾತು ಕಲಿಸುತ್ತಾಳೆ. ಕೋಳಿಗಿಂತ ಮೊದಲು ಏಳುತ್ತಾಳೆ. ಗಂಡ ಮಲಗಿರುತ್ತಾನೆ. ಅವಳ ಕೈಯಲ್ಲಿ ಮುಳ್ಳು ಇಲ್ಲದ ಜಾಗವಿಲ್ಲ. ದಣಿದಿದ್ದಾಳೆ. ನಾನು ನೋಡುತ್ತಲೇ ಇದ್ದೇನೆ. ದಣಿದಿದ್ದೀಯ ಎಂದು ನಾನು ಅವಳಿಗೆ ಹೇಳುವುದಿಲ್ಲ. ಹೇಳಿದರೆ ಅವಳು ಕೂತುಬಿಡುತ್ತಾಳೆ. ಅವಳು ಕೂತರೆ ಏಳುವವರು ಯಾರು?"

ಇದಕ್ಕೆ ಏನು ಅರ್ಥ ಎಂದು ಸೊಕೊರ್ರೊ ಕೇಳಿದಳು. ಇದೂ ಅಡುಗೆಯ ವಿಷಯವೇ ಎಂದೆ.

ಅವಳು ನನ್ನ ಮುಖ ನೋಡಿ, ನೀರು ತರುತ್ತೇನೆಂದು ಹೊರಗೆ ಹೋದಳು. ಹೋಗುವ ಮೊದಲು ಪರದೆಯನ್ನು ಮತ್ತೆ ಮೊದಲಿಗೆ ತಂದು ನಿಲ್ಲಿಸಿ, ನಾನು ಬರೋದು ನಿಧಾನ ಟೀಚರ್, ಕಾಲು ನೋವು ಎಂದಳು. ನಾನು ಮೊಬೈಲು ಹಿಡಿದು ಮೊದಲ ಸಲದ್ದನ್ನು ಪೂರ್ತಿಯಾಗಿ ರೆಕಾರ್ಡ್ ಮಾಡಿಕೊಂಡೆ. ಎರಡನೆಯದು ಬಂದಾಗ ನಿಲ್ಲಿಸಿದೆ.

ವಾಪಸು ಬರುವಾಗ ನಿದ್ದೆ ಹತ್ತಲಿಲ್ಲ. ಅವ್ವನ ಮೇಲೆ ಸಿಟ್ಟು ಬರಬೇಕಿತ್ತು, ಯಾವುದಕ್ಕೆ ಬರಬೇಕೆಂದು ತಿಳಿಯಲಿಲ್ಲ. ಮಾತನ್ನು ಕೊಡದೆ ಉಳಿಸಿದ್ದಕ್ಕೋ, ಉಳಿಸಿ ತನ್ನೊಳಗೇ ಮುಳುಗಿಸಿದ್ದಕ್ಕೋ? ನಾನು ದಣಿದದ್ದು ಅವಳಿಗೆ ಕಾಣುತ್ತಿರಲಿಲ್ಲವೆಂದೇ ಇಷ್ಟು ವರ್ಷ ನಂಬಿದ್ದೆ. ಕಾಣುವುದಿಲ್ಲ ಎಂಬುದಕ್ಕೆ ಒಂದು ಸಮಾಧಾನವಿತ್ತು. ಮುದುಕಿ, ತನ್ನ ಲೋಕದಲ್ಲಿದ್ದಾಳೆ ಎಂದುಕೊಳ್ಳಬಹುದಿತ್ತು. ಈಗ ಅದೂ ಇಲ್ಲ.

ಮನೆಗೆ ಬಂದು ಅರಾಸೆಲಿಗೆ ನಡೆದದ್ದನ್ನು ತಿಳಿಸಿದೆ, ಎರಡನೆಯ ಸಲದ್ದೊಂದನ್ನು ಬಿಟ್ಟು. ಮೊಬೈಲಿನಲ್ಲಿ ಅಜ್ಜಿಯನ್ನು ನೋಡಿ ಅವಳೂ ಕಣ್ಣೊರೆಸಿಕೊಂಡಳು. ಅರ್ಥ ಹೇಳಿದಾಗ ಸ್ವಲ್ಪ ಯೋಚಿಸಿದಳು.

"ಇದನ್ನೇ ಹಾಕೋಣ ಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?"

"ಮುದುಕಿಯರಿಗೆ ಗೊತ್ತಾಗುತ್ತೆ."

"ಅವರಿಗೆ ಕಿವಿ ಕೇಳಲ್ಲ."

"ನನಗೆ ಗೊತ್ತಾಗುತ್ತೆ ಅರಾಸೆಲಿ. ಅಜ್ಜಿ ಅಲ್ಲೇ ಕೂತಿರ್ತಾಳೆ, ಅವಳಿಗೆ ಗೊತ್ತಾಗುತ್ತೆ."

"ನನಗೆ ಗೊತ್ತಾಗಲ್ವಲ್ಲ. ಮದುವೆ ನಂದು." ಅವಳು ಇದನ್ನು ಕುಹಕದಿಂದ ಹೇಳಲಿಲ್ಲ. "ಅಜ್ಜಿ ಸರಿಯಾದ ಮಾತನ್ನೇ ಹೇಳಿದ್ರೂ ನನಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಆ ದನಿ ಕೇಳಿದ್ರೆ ಸಾಕಾಗಿತ್ತು. ಬೇರೆಯವರ ಮದುವೇಲೆಲ್ಲಾ ಅದನ್ನೇ ಕೇಳಿ ಬೆಳೆದೆ."

ಅವಳು ಹೇಳಿದ್ದು ತಪ್ಪೆನ್ನುವಂತಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಚಾಪೆಯ ಮೇಲೆ ಕೂತ ಎಷ್ಟು ಹುಡುಗಿಯರಿಗೆ ಅವ್ವನ ಮಾತು ಅರ್ಥವಾಗಿತ್ತು? ಅವ್ವನಿಗೂ ಅದು ತಿಳಿದಿತ್ತು. ತಿಳಿದೂ ಒಂದು ಮಾತನ್ನೂ ಬಿಡದೆ ಹೇಳುತ್ತಿದ್ದಳು. ಅರ್ಥವಾಗದ ಮದುಮಗಳಿಗೆ ಪೂರ್ತಿ, ಅರ್ಥವಾಗದ ನಟಿಗೆ ಸೊನ್ನೆ. ಆ ವ್ಯತ್ಯಾಸಕ್ಕೆ ಅವಳು ಕೊಟ್ಟ ಬೆಲೆಯನ್ನು ನಾನು ಸ್ಪೀಕರಿಗೆ ಸಿಕ್ಕಿಸಿ ಹಾಳುಮಾಡಲಾರೆ ಎನಿಸಿತು. ಹಾಕುವುದಿಲ್ಲ ಎಂದೆ. ಹಾಗಾದರೆ ಯಾರು ಹೇಳುತ್ತಾರೆ ಎಂದಳು. ನಾನು ಎಂದೆ. ಏನು ಹೇಳುತ್ತೀ ಎಂದಳು. ಗೊತ್ತಿಲ್ಲ ಎಂದೆ. ಅವಳು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋದಳು.

ಆಮೇಲಿನ ದಿನಗಳು ಮೆಣಸಿನಕಾಯಿ ಹುರಿಯುವುದರಲ್ಲಿ, ಜೋಳ ತೊಳೆಯುವುದರಲ್ಲಿ, ಯಾರ ಮನೆಯ ದೊಡ್ಡ ಮಡಕೆ ಯಾರಲ್ಲಿದೆ ಎಂದು ಹುಡುಕುವುದರಲ್ಲಿ ಹೋದವು. ಮುಳ್ಳು ಹೆರೆಯುವಾಗ, ಅವ್ವನ ಬೆನ್ನು ಒರೆಸುವಾಗ, ಹಳೆಯ ತುಂಡುಗಳನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ನನ್ನ ಹವಳವೇ, ನನ್ನ ಗರಿಯೇ. ಹೊಸ್ತಿಲಿನ ವಿಷಯ ಏನೋ ಬರುತ್ತಿತ್ತು. ಬೆಂಕಿಯನ್ನು ಎಬ್ಬಿಸುವ ವಿಷಯ ಏನೋ. ಒಂದಕ್ಕೊಂದು ಸೇರಲಿಲ್ಲ.

ಮದುವೆಯ ಬೆಳಿಗ್ಗೆ ಅಂಗಳ ತುಂಬಿತ್ತು. ಬ್ಯಾಂಡಿನವರಿಗೆ ಎಲಿಸೆಯೊ ಮೊದಲೇ ಹೋಗಿ, ನಾನು ಕೈ ತೋರಿಸುವ ತನಕ ಊದಿದರೆ ಊಟವಿಲ್ಲ ಎಂದು ಹೇಳಿಬಂದಿದ್ದ. ಗಂಡಿನ ಕಡೆಯವರು ಮೊಬೈಲು ಎತ್ತಿ ಹಿಡಿದಿದ್ದರು. ಮುದುಕಿಯರು ಮುಂದಿನ ಸಾಲಿನಲ್ಲಿ ಶಾಲು ಹೊದ್ದು, ತೀರ್ಪುಗಾರರ ಹಾಗೆ ಕೂತಿದ್ದರು. ಅವ್ವನನ್ನು ಎತ್ತಿ ತಂದು ಚಾಪೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ಅರಾಸೆಲಿ ಬಿಳಿ ಬಟ್ಟೆ ಸರಿಮಾಡಿಕೊಂಡು ಮೊಣಕಾಲೂರಿದಳು.

ನಾನು ಧೂಪ ಹಿಡಿದೆ. ನಾಲ್ಕು ದಿಕ್ಕಿಗೂ ತೋರಿಸಿದೆ. ಕೇಳು ನನ್ನ ಹವಳವೇ, ಕೇಳು ನನ್ನ ಗರಿಯೇ ಎಂದೆ. ದನಿ ನನ್ನದೇ ಎನಿಸಲಿಲ್ಲ, ಸ್ವಲ್ಪ ಅವ್ವನದರ ಹಾಗೆ ಬಂತು. ಮುದುಕಿಯರು ತಲೆದೂಗಿದರು. ಹೊಸ್ತಿಲಿನ ವಿಷಯದ ಒಂದು ಸಾಲು ಹೇಳಿದೆ. ಅಲ್ಲಿಗೆ ಖಾಲಿ. ಮುಂದೆ ಏನೂ ಇಲ್ಲ. ಅಂಗಳದಲ್ಲಿ ಯಾವುದೋ ಮಗು ಕೆಮ್ಮಿತು. ಅರಾಸೆಲಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನಗೇನಾಯಿತೋ ಎನ್ನುವ ಹೆದರಿಕೆ ಇತ್ತು.

ನಾನು ಸ್ಪಾನಿಷಿನಲ್ಲಿ, ಮನೆಯಲ್ಲಿ ಅವಳೊಡನೆ ಆಡುವ ಹಾಗೆಯೇ ಆಡಿದೆ.

"ಮಗಳೇ, ಅಜ್ಜಿಯ ಮಾತು ನನಗೆ ಬರಲ್ಲ. ಬರೋ ಹಾಗೆ ನಟಿಸೋಕೂ ಬರಲ್ಲ. ನನಗೆ ಗೊತ್ತಿರೋದು ಒಂದೇ. ಸುಸ್ತಾದಾಗ ಸುಸ್ತಾಯ್ತು ಅಂತ ಬಾಯಿಬಿಟ್ಟು ಹೇಳು. ಅವರಿಗೇ ತಿಳಿಯುತ್ತೆ ಅಂತ ಕಾಯ್ಬೇಡ. ತಿಳಿಯಲ್ಲ. ತಿಳಿದ್ರೂ ತಿಳಿಯದ ಹಾಗೆ ಇರ್ತಾರೆ. ಅಷ್ಟೇ ಕಣಮ್ಮ. ಏಳು, ಮೊಣಕಾಲು ನೋಯುತ್ತೆ."

ಮುಂದಿನ ಸಾಲಿನಿಂದ ಒಬ್ಬ ಮುದುಕಿ, ಇಷ್ಟೇನಾ ಎಂದು ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಎಲಿಸೆಯೊ ನೆಲ ನೋಡುತ್ತಿದ್ದ. ಅರಾಸೆಲಿ ಎದ್ದು ನನ್ನನ್ನು ಹಿಡಿದುಕೊಂಡು, ಕಿವಿಯ ಹತ್ತಿರ, ಅರ್ಥ ಆಯ್ತಮ್ಮ ಎಂದಳು. ಬ್ಯಾಂಡು ಶುರುವಾಯಿತು.

ಅವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಆ ದಿನವಿಡೀ ನನ್ನ ಕೈಯಿಂದ ತುತ್ತು ತೆಗೆದುಕೊಳ್ಳಲಿಲ್ಲ. ತಂಗಿ ತಿನ್ನಿಸಿದಳು. ಪರಂಪರೆಯಿಂದ ಬಂದದ್ದನ್ನು ನಾನು ನೆಲಕ್ಕೆ ಚೆಲ್ಲಿದ್ದಕ್ಕೆ ಕೋಪವೆಂದುಕೊಂಡೆ. ಪಾತ್ರೆಗಳನ್ನು ತಿಕ್ಕುವಾಗ ಇನ್ನೊಂದು ಹೊಳೆಯಿತು. ನಾನು ಮಗಳಿಗೆ ಹೇಳಿದ್ದು ಪಕ್ಕದಲ್ಲಿ ಕೂತಿದ್ದ ಅವಳಿಗೂ ತಗುಲಿರಬೇಕು. ಪಟ್ಟಣದಲ್ಲಿ ನಾನು ಏನನ್ನು ಕೇಳಿಬಂದೆ ಎಂದು ಅವಳಿಗೆ ಆಗ ತಿಳಿದಿರಬೇಕು. ತಗುಲಲಿ ಎಂದೇ ಹೇಳಿದೆನೋ ಏನೋ. ಅದನ್ನು ಹೆಚ್ಚು ಕೆದಕಲಿಲ್ಲ, ಪಾತ್ರೆಗಳು ಬಹಳ ಇದ್ದವು.

ಮೂರ್ನಾಲ್ಕು ದಿನಗಳ ಮೇಲೆ ಅವ್ವ ಮತ್ತೆ ನನ್ನ ಚಮಚಕ್ಕೆ ಬಾಯಿ ತೆರೆದಳು. ಕಣ್ಣು ಮಾತ್ರ ಕಿಟಕಿಯಾಚೆ. ಆ ಹೊತ್ತಿಗೆ ಕೆಳಗಿನ ಬೀದಿಯ ಕ್ರಿಸಾಂತಾ ಬಂದಳು. ನನ್ನ ಕಿರಿಮಗನಿಗೆ ಜ್ಞಾನಸ್ನಾನದ ತಾಯಿ ಅವಳು, ಹಾಗಾಗಿ ನಾವು ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಮದುವೆ ಚೆನ್ನಾಗಿತ್ತು, ಸಾರು ಸ್ವಲ್ಪ ಖಾರ, ಗಂಡಿನ ಅಕ್ಕನ ಟೋಪಿ ಏನದು ಅವತಾರ ಎಂದೆಲ್ಲ ಹೇಳಿ, ಕೊನೆಗೆ ವಿಷಯಕ್ಕೆ ಬಂದಳು.

"ಕೊಮಾದ್ರೆ, ಜೂನ್‌ನಲ್ಲಿ ನನ್ನ ಮಗಳದು ಇದೆ. ನೀನೇ ಬಂದು ಹೇಳ್ಬೇಕು."

"ನನಗೆ ಬರಲ್ಲ ಅಂತ ಊರಿಗೆಲ್ಲ ಗೊತ್ತಾಯ್ತಲ್ಲ."

"ಬರದಿದ್ರೆ ಏನಾಯ್ತು? ತೋಮಾಸಾ ಅಮ್ಮನ ಮಗಳು ತಾನೆ, ಇನ್ಯಾರನ್ನ ಕರೀಲಿ? ಚಿಕ್ಕದಾಗಿ ಹೇಳ್ತೀಯ, ಅದೂ ಒಳ್ಳೇದೇ. ನಮ್ಮತ್ತೆಗೆ ತುಂಬ ಹೊತ್ತು ನಿಲ್ಲೋಕಾಗಲ್ಲ."

ಕುರ್ಚಿಯಲ್ಲಿದ್ದ ಅವ್ವನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ತಿರಸ್ಕಾರವೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಗಂಜಿ ಗಲ್ಲದ ಮೇಲೆ ಇಳಿದಿತ್ತು. ಏಪ್ರನ್ನಿನ ತುದಿಯಿಂದ ಒರೆಸಿದೆ. ಅವಳು ಈಗ ನೇರವಾಗಿ ನನ್ನನ್ನೇ ನೋಡುತ್ತಿದ್ದಳು, ಏನು ಉತ್ತರ ಕೊಡುತ್ತೀಯ ನೋಡೋಣ ಎನ್ನುವ ಹಾಗೆ.

ಸುಸ್ತಾಗಿದೆ ಕೊಮಾದ್ರೆ ಎಂದೆ.

"ಗೊತ್ತು ಕಣೆ" ಎಂದಳು ಕ್ರಿಸಾಂತಾ, ಹತ್ತಿರದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳುತ್ತಾ. "ಕೂತ್ಕೊಂಡೇ ಹೇಳು. ಬರ್ತೀಯೋ ಇಲ್ವೋ?"

ನಾನು ಕೂತೆ. ಬರುತ್ತೇನೆ ಎಂದೆ.